ವಿಮಾನ ಓಡಿಸ್ತಿದ್ದೀರಾ?

"ಏನ್ರೀ, ವಿಮಾನ ಓಡಿಸ್ತಿದ್ದೀರಾ?"

ಕಾರಿನ ಮುಳ್ಳು ಎಂಬತ್ತು ದಾಟಿದರೆ ಸಾಕು, ಪಕ್ಕದ ಸೀಟಿನಿಂದ ನನ್ನ ಹೆಂಡತಿ ಹೀಗೆ ಬೈಯುತ್ತಾಳೆ. ನಿಮ್ಮ ಮನೆಯಲ್ಲೂ ಈ ಮಾತು ಇರಬಹುದು. ಬೇಕಾಬಿಟ್ಟಿ ಗಾಡಿ ಓಡಿಸುವವನಿಗೆ ನಾವೆಲ್ಲ ಹೇಳುವುದು ಇದನ್ನೇ. ಈ ಮಾತಿನ ಮೇಲೆ ನನಗೆ ಬಹಳ ದಿನದಿಂದ ತಕರಾರಿದೆ. ನಿಜವಾಗಿ ವಿಮಾನ ಓಡಿಸುವವರು ಬೇಕಾಬಿಟ್ಟಿ ಓಡಿಸುವುದೇ ಇಲ್ಲ. ಇವತ್ತು ಬರೆದು ಮುಗಿಸಿಬಿಡೋಣ ಅಂತ ಕೂತಿದ್ದೇನೆ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಾನು ಅರ್ಧ ಪೈಲಟ್. ತೊಂಬತ್ತರ ದಶಕದಲ್ಲಿ ಮುಂಬೈಯ ಜುಹು ವಿಮಾನ ನಿಲ್ದಾಣದಲ್ಲಿ 22 ಗಂಟೆ ಹಾರಿದೆ. ಖಾಸಗಿ ಲೈಸೆನ್ಸಿಗೆ ಇನ್ನೂ ಎಷ್ಟೋ ಗಂಟೆ ಬೇಕಿತ್ತು. ಅಪ್ಪ ಅಲ್ಲೇ ಮುಂಬೈಯ ಫೋರ್ಟ್ ಬಡಾವಣೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. 22ನೇ ಗಂಟೆಗೆ ಅವರ ದುಡ್ಡೂ ಮುಗಿಯಿತು, ತಾಳ್ಮೆಯೂ ಮುಗಿಯಿತು. ಆಮೇಲೆ ನಾನು ವಾಹನ ವಿಮೆಯ ಸರ್ವೇಯರ್ ಆದೆ. ಅಂದರೆ, ಗುದ್ದಿಕೊಂಡು ಬಂದ ಕಾರುಗಳ ಸುತ್ತ ತಿರುಗಿ, ಫೋಟೋ ತೆಗೆದು, ಎಷ್ಟು ಕೊಡಬಹುದು ಅಂತ ಬರೆಯುವ ಕೆಲಸ. ಮೂವತ್ತು ವರ್ಷಕ್ಕೆ ಹತ್ತಿರ ಬಂತು. ಹಾರುವ ಆಸೆಯಿಂದ ಶುರು ಮಾಡಿ ಜಜ್ಜಿಹೋದ ಬಂಪರಿಗೆ ಬಂದು ನಿಂತವನು.

ತಿಂಗಳಿಗೊಂದು ಭಾನುವಾರ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ನಾವು ನಾಲ್ಕು ಜನ ಸೇರುತ್ತೇವೆ. ಒಬ್ಬರು ಕುಂದಾಪುರದ ಕಡೆಯ ಕ್ಯಾಪ್ಟನ್. ಏರ್‌ಲೈನಿನಲ್ಲಿ 65 ತುಂಬುವ ತನಕ ಹಾರಿ ನಿವೃತ್ತರಾದವರು. ಇನ್ನೊಬ್ಬರು ಹುಬ್ಬಳ್ಳಿಯವರು, ವಿಮಾನ ರಿಪೇರಿಯ ಇಂಜಿನಿಯರ್. ಮೂರನೆಯವಳು ಶಿವಮೊಗ್ಗದ ಹುಡುಗಿ. ಧುಳೆಯಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ ಕಲಿಯುತ್ತಿದ್ದಾಳೆ, 200 ಗಂಟೆ ಹಾರಬೇಕು, ರಜೆಗೆ ಬಂದಾಗ ಚಿಕ್ಕಪ್ಪನ ಮನೆಯಿಂದ ಬರುತ್ತಾಳೆ. ನಾಲ್ಕನೆಯವನು ನಾನು. ಇಡ್ಲಿ ಬರುವ ತನಕ ವಿಮಾನದ ಮಾತು, ಕಾಫಿ ಬಂದ ಮೇಲೆ ಕಾರಿನ ಮಾತು. ಎರಡರ ಮಧ್ಯೆ ಗೆರೆ ಎಲ್ಲಿದೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಕ್ಯಾಪ್ಟನ್ ಹತ್ತಿರ ಕೆನೆ ಬಣ್ಣದ ಪ್ರೀಮಿಯರ್ ಪದ್ಮಿನಿ ಇದೆ. 1964ರಿಂದ ಇಲ್ಲೇ ಕುರ್ಲಾದಲ್ಲಿ ಫಿಯೆಟ್ ಹೆಸರಿನಲ್ಲಿ ತಯಾರಾಗಿ, ಆಮೇಲೆ ಪದ್ಮಿನಿಯಾದ ಕಾರು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಇದರ ಟ್ಯಾಕ್ಸಿ ಅವತಾರ, ನಮ್ಮ ಕಪ್ಪು ಹಳದಿ ಬಣ್ಣದ ‘ಕಾಲಿ ಪೀಲಿ’, 2023ರ ಅಕ್ಟೋಬರಿನಲ್ಲಿ ಮುಂಬೈ ರಸ್ತೆಯಿಂದ ಇಳಿದುಹೋಯಿತು. ಅವತ್ತು ಎಷ್ಟು ಜನ ಕಣ್ಣೀರು ಹಾಕಿದರು! ಅದರ ಹಿಂದಿನ ಸೀಟಿನಲ್ಲಿ ಕೂತು ಸೊಂಟ ಮುರಿದುಕೊಂಡವರೇ ಜಾಸ್ತಿ ಅತ್ತರು ಅಂತ ನನ್ನ ಅನುಮಾನ.

ಬೋಯಿಂಗ್, ಏರ್‌ಬಸ್ ಎರಡನ್ನೂ ಹಾರಿಸಿದ ಮನುಷ್ಯ ಈ ಡಬ್ಬವನ್ನು ಯಾಕೆ ಇಟ್ಟುಕೊಂಡಿದ್ದಾರೆ? ಒಮ್ಮೆ ಕೇಳಿದೆ. "ಕೊನೇ ಕೊನೇ ವರ್ಷ ನಾನು ಪೈಲಟ್ ಅಲ್ಲ ಮಾರಾಯ, ಕಂಪ್ಯೂಟರಿನ ವಾಚ್‌ಮನ್. ಇದರಲ್ಲಿ ಚೋಕ್ ಎಳೆದರೆ ಇಂಜಿನ್ ಎಂತ ಹೇಳ್ತದೆ ಅಂತ ಕಿವಿಗೆ ಕೇಳ್ತದೆ" ಅಂದರು.

ಅದು ನಿಜ. ಸಣ್ಣ ವಿಮಾನದ ಇಂಜಿನ್ ನೋಡಿದರೆ ಹಳೇ ಕಾರಿನ ಅಣ್ಣನ ಹಾಗೇ ಇರುತ್ತದೆ. ನಾನು ಕಲಿತ ಸೆಸ್ನಾ 152ರದ್ದು 3.8 ಲೀಟರಿನ ಇಂಜಿನ್, ಶಕ್ತಿ 110 ಹಾರ್ಸ್‌ಪವರ್. ಈಗಿನ ಒಂದು ಲೀಟರಿನ ಟರ್ಬೊ ಕಾರೂ ಅಷ್ಟೇ ಕೊಡುತ್ತದೆ. ಆದರೆ ಸೆಸ್ನಾ ನಿಮಿಷಕ್ಕೆ 2,550 ಸುತ್ತಿನ ಮೇಲೆ ತಿರುಗುವ ಹಾಗೇ ಇಲ್ಲ. ಗಂಟೆಗಟ್ಟಲೆ ಏದುಸಿರು ಬಿಡದೆ ದುಡಿಯುವುದೇ ಅದರ ಗುಣ. ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಎರಡೆರಡು ಸ್ಪಾರ್ಕ್ ಪ್ಲಗ್. ತಾನೇ ವಿದ್ಯುತ್ ಹುಟ್ಟಿಸಿ ಕಿಡಿ ಕೊಡುವ ಮ್ಯಾಗ್ನೆಟೊ ಎರಡು. ಬ್ಯಾಟರಿ ಸತ್ತರೂ ಇಂಜಿನ್ ನಿಲ್ಲುವುದಿಲ್ಲ. ಹಾರುವ ಮೊದಲು ಕಾರಿನ ಕೀ ಥರದ್ದೇ ಒಂದು ಕೀಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿಸಿ, ಒಂದು ಮ್ಯಾಗ್ನೆಟೊ ತೆಗೆದರೆ ಇನ್ನೊಂದು ತಡೆಯುತ್ತದಾ ಅಂತ ನೋಡಬೇಕು. ಸುತ್ತು ಸ್ವಲ್ಪ ಇಳಿಯಬೇಕು. ಜಾಸ್ತಿ ಇಳಿದರೆ ತೊಂದರೆ. ಸ್ವಲ್ಪವೂ ಇಳಿಯದಿದ್ದರೆ ಅದೂ ತೊಂದರೆ! ಎಲ್ಲ ಸರಿಯಿದ್ದರೂ ಅನುಮಾನ ಪಡುವ ಈ ಬುದ್ಧಿಗೆ ನಾನು ಮೊದಲ ತಿಂಗಳಲ್ಲೇ ಸೋತುಹೋದೆ.

ಹಾರುವುದಕ್ಕಿಂತ ನನಗೆ ಚೆನ್ನಾಗಿ ನೆನಪಿರುವುದು ಹಾರುವ ಮುಂಚಿನ ಅರ್ಧ ಗಂಟೆ. ಬೆಳಗ್ಗೆ ಆರೂವರೆ, ಜುಹುವಿನ ಉಪ್ಪು ಗಾಳಿ, ರೆಕ್ಕೆಯ ಮೇಲೆ ಇಬ್ಬನಿ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಲೋಟ, ಅದರ ಮಧ್ಯೆ ಒಂದು ಕಡ್ಡಿ. ರೆಕ್ಕೆಯ ಕೆಳಗೆ ಬಗ್ಗಿ, ಕಡ್ಡಿಯಿಂದ ಟ್ಯಾಂಕಿನ ತಳದ ಸಣ್ಣ ಬಾಯಿಯನ್ನು ಒತ್ತಬೇಕು. ಪೆಟ್ರೋಲ್ ಲೋಟಕ್ಕೆ ಇಳಿಯುತ್ತದೆ. ವಿಮಾನದ ಪೆಟ್ರೋಲಿಗೆ ತಿಳಿ ನೀಲಿ ಬಣ್ಣ ಹಾಕಿರುತ್ತಾರೆ. ಲೋಟವನ್ನು ಆಕಾಶಕ್ಕೆ ಎತ್ತಿ ಹಿಡಿದು ನೋಡುವುದು. ನೀರು ಸೇರಿದ್ದರೆ ತಳದಲ್ಲಿ ಬಣ್ಣವಿಲ್ಲದ ಮಣಿ ಹಾಗೆ ಕೂತಿರುತ್ತದೆ. ಒಂದು ಮಳೆಗಾಲದ ಬೆಳಗ್ಗೆ ನನಗೆ ಅಂಥದ್ದು ಸಿಕ್ಕಿತು, ಉದ್ದಿನ ಕಾಳಿನಷ್ಟು. ಮೂರು ಸಲ ಚೆಲ್ಲಿ ಮತ್ತೆ ಹಿಡಿದೆ. ನಾಲ್ಕನೇ ಲೋಟ ಪೂರ್ತಿ ನೀಲಿ ಬಂತು. ಹಿಂದೆ ನಿಂತಿದ್ದ ಗುರುಗಳು ಏನೂ ಹೇಳಲಿಲ್ಲ. ಕೈ ಕಟ್ಟಿಕೊಂಡು ನಿಂತು ಐದನೇ ಲೋಟಕ್ಕೆ ಕಾಯುತ್ತಿದ್ದರು. ಐದನೆಯದನ್ನೂ ಹಿಡಿದೆ.

ಜುಹು ಅಂದ ಮೇಲೆ ಜೆ.ಆರ್.ಡಿ. ಟಾಟಾ ಬರಲೇಬೇಕು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆ ಚೀಲ ಹೊತ್ತು, ಅಹಮದಾಬಾದ್ ಮುಟ್ಟಿ, ಪುಸ್ ಮಾತ್ ವಿಮಾನದಲ್ಲಿ ಅವರು ಇಳಿದದ್ದು ಇಲ್ಲೇ. ಇಲ್ಲಿಂದ ಮುಂದೆ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ಮದ್ರಾಸಿಗೆ ಒಯ್ದರು, ಬಳ್ಳಾರಿ ಮೇಲಿಂದ. ಹುಬ್ಬಳ್ಳಿಯವರು ಈ ಬಳ್ಳಾರಿಯ ಮಾತನ್ನು ಪ್ರತಿ ಸಲ ತೆಗೆಯುತ್ತಾರೆ. "ನಮ್ಮ ಬಳ್ಳಾರಿ ಇಲ್ಲದ ಇದ್ರ ಆ ಟಪಾಲು ಮದ್ರಾಸ್ ಮುಟ್ಟತಿತ್ತೇನ್ರೀ?" ಕರ್ನಾಟಕ ರಾಜ್ಯ ಹುಟ್ಟುವ ಮೊದಲೇ ಬಳ್ಳಾರಿಗೆ ವಿಮಾನ ಬಂದಿತ್ತು ಅನ್ನೋದು ಅವರಿಗೆ ಸ್ವಂತ ಮನೆಯ ಹೆಮ್ಮೆ.

ಜೆ.ಆರ್.ಡಿ.ಯವರ ಕಾರಿನ ಕತೆ ನನ್ನ ವಾದಕ್ಕೆ ಉಲ್ಟಾ ಹೊಡೆಯುತ್ತದೆ, ಆದರೂ ಹೇಳಬೇಕು. ಅವರ ಹತ್ತಿರ ಬುಗಾಟ್ಟಿ ಇತ್ತು. ಅದನ್ನು ಜೋರಾಗಿ ಓಡಿಸಿದ ಕೇಸಿಗಾಗಿ ಜ್ಯಾಕ್ ವಿಕಾಜಿ ಎಂಬ ವಕೀಲರ ಹತ್ತಿರ ಹೋದರು. ಅಲ್ಲಿ ವಕೀಲರ ಸೋದರನ ಮಗಳು ಥೆಲ್ಮಾ ಪರಿಚಯವಾಯಿತು. 1930ರಲ್ಲಿ ಮದುವೆಯೂ ಆಯಿತು. ಇದನ್ನು ಕೇಳಿ ಶಿವಮೊಗ್ಗದ ಹುಡುಗಿ ನಕ್ಕಳು: "ನೋಡಿ ಮಾಮ, ನಿಮ್ಮ ಥಿಯರಿ ಬಿತ್ತು." ಬೀಳಲಿ. ಆಗ ಅವರಿಗೆ ಇಪ್ಪತ್ತೈದರ ಪ್ರಾಯ. ಅದೇ ಮನುಷ್ಯ 1982ರಲ್ಲಿ, 78ರ ವಯಸ್ಸಿನಲ್ಲಿ, ಹಳೇ ಲೆಪರ್ಡ್ ಮಾತ್ ವಿಮಾನವೊಂದರಲ್ಲಿ ಕರಾಚಿಯಿಂದ ಜುಹುವಿಗೆ ಮತ್ತೆ ಒಬ್ಬರೇ ಹಾರಿಕೊಂಡು ಬಂದರಲ್ಲ? ಬರೀ ಜೋರು ಮಾಡಿದವರು ಅಲ್ಲಿಯ ತನಕ ಬರುವುದಿಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ವಿಮಾನ ಓಡಿಸುವವರು ಮಷಿನ್ನನ್ನು ಪ್ರೀತಿಸುತ್ತಾರೆ, ನಂಬುವುದಿಲ್ಲ. ನಾವು ಕಾರನ್ನು ಪೂರ್ತಿ ನಂಬುತ್ತೇವೆ. ಆಯುಧ ಪೂಜೆಗೆ ಟೈರಿನ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಬಾನೆಟ್ಟಿಗೆ ಗೊಂಡೆ ಹೂವಿನ ಹಾರ ಹಾಕುತ್ತೇವೆ. ನಿಂಬೆಹಣ್ಣಿಗೆ ಬಗ್ಗಿದವರು ಅದೇ ಬಗ್ಗಿನಲ್ಲಿ ಟೈರನ್ನೂ ನೋಡಬಾರದಾ? ನೂಲು ಎದ್ದ ಟೈರಿಗೆ ಕುಂಕುಮ ಹಚ್ಚಿದ್ದನ್ನು ನಾನು ಕೆಲಸದ ಮೇಲೆ ಹೋದಾಗ ಎಷ್ಟೋ ಸಲ ನೋಡಿದ್ದೇನೆ.

ಕುಡಿತದ ವಿಷಯವೂ ಹಾಗೇ. ಹಾರುವ 12 ಗಂಟೆ ಮೊದಲಿನಿಂದ ಪೈಲಟ್ ಒಂದು ಹನಿ ಮುಟ್ಟುವ ಹಾಗಿಲ್ಲ, ಉಸಿರಿನ ಯಂತ್ರದಲ್ಲಿ ಸೊನ್ನೆ ಬರಬೇಕು. ನಮ್ಮಲ್ಲಿ "ಎರಡೇ ಪೆಗ್ಗು, ಮನೆ ಇಲ್ಲೇ ಅಲ್ವಾ". ಜಾಸ್ತಿ ಬರೆಯುವುದಿಲ್ಲ, ಹೊಟ್ಟೆ ಉರಿಯುತ್ತದೆ.

ನಂಬಬಾರದು ಅನ್ನುವುದಕ್ಕೆ ಕ್ಯಾಪ್ಟನ್ ಹೇಳುವ ಕತೆ ಕೆನಡಾದ ಗಿಮ್ಲಿಯದ್ದು. 1983ರ ಜುಲೈ 23, ಏರ್ ಕೆನಡಾದ ಬೋಯಿಂಗ್ 767. ಇಂಧನದ ಗೇಜು ಕೆಟ್ಟಿತ್ತು. ಕಡ್ಡಿಯಲ್ಲಿ ಅಳೆದು ಲೆಕ್ಕ ಹಾಕಿದರು. ಬೇಕಿದ್ದದ್ದು 22,300 ಕೆ.ಜಿ. ಲೆಕ್ಕವೆಲ್ಲ ಹಳೇ ಅಭ್ಯಾಸದಂತೆ ಪೌಂಡಿನಲ್ಲಿ ನಡೆಯಿತು. ಒಂದು ಪೌಂಡ್ ಅಂದರೆ ಅರ್ಧ ಕೆ.ಜಿ.ಗೂ ಕಡಿಮೆ. ಹೊರಟದ್ದು ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ. 41,000 ಅಡಿ ಮೇಲೆ ಗೊತ್ತಾಯಿತು, ಸ್ವಲ್ಪ ಹೊತ್ತಿನಲ್ಲಿ ಎರಡೂ ಇಂಜಿನ್ ಬಂದ್. ಆ ಕ್ಯಾಪ್ಟನ್ ಗ್ಲೈಡರ್, ಅಂದರೆ ಇಂಜಿನ್ ಇಲ್ಲದ ವಿಮಾನ, ಹಾರಿಸಿ ಪಳಗಿದವರು. ಅಷ್ಟು ದೊಡ್ಡ ವಿಮಾನವನ್ನು ಗ್ಲೈಡರಿನ ಹಾಗೆ ತೇಲಿಸಿಕೊಂಡು ಗಿಮ್ಲಿ ಎಂಬ ಹಳೇ ವಾಯುನೆಲೆಗೆ ತಂದರು. ಆ ರನ್‌ವೇ ಅಷ್ಟರಲ್ಲಿ ಕಾರ್ ರೇಸಿನ ಟ್ರ್ಯಾಕ್ ಆಗಿತ್ತು! ಅವತ್ತು ಕಾರ್ ಕ್ಲಬ್ಬಿನವರು ಹೆಂಡತಿ ಮಕ್ಕಳ ಸಮೇತ ಅಲ್ಲೇ ಇದ್ದರು. ಇಂಜಿನ್ ಸದ್ದೇ ಇಲ್ಲದ ವಿಮಾನ ಬರುವುದು ಯಾರ ಕಿವಿಗೆ ಬೀಳಬೇಕು? ಒಳಗಿದ್ದ 69 ಜನರೂ ಉಳಿದರು, ಕೆಳಗಿದ್ದವರೂ ಉಳಿದರು. ಕಾಲೇಜು ಹುಡುಗನಾಗಿದ್ದಾಗ ಪುಣೆಯ ಹಡಪ್ಸರಿನ ಗ್ಲೈಡಿಂಗ್ ಸೆಂಟರಿನಲ್ಲಿ ಹಾರಾಟ ಶುರು ಮಾಡಿದ ನಮ್ಮ ಕ್ಯಾಪ್ಟನ್ನರಿಗೆ ಇದು ರಾಮಾಯಣ ಇದ್ದ ಹಾಗೆ. ಅವರ ಪದ್ಮಿನಿಯ ಪೆಟ್ರೋಲ್ ಗೇಜು ಸರಿಯಾಗೇ ಇದೆ. ಆದರೂ ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಲೀಟರ್ ಹಾಕಿದೆ ಅಂತ ಪುಸ್ತಕದಲ್ಲಿ ಬರೆಯುತ್ತಾರೆ.

ಈಗ ನನ್ನ ಮರ್ಯಾದೆಯ ಕತೆ.

2012ರಲ್ಲಿ ಪುಣೆಯಲ್ಲಿ ಭಾವನ ಮಗುವಿನ ನಾಮಕರಣ. ಹಿಂದಿನ ದಿನ ಮನೆ ಹತ್ತಿರದ ಗ್ಯಾರೇಜಿನಲ್ಲಿ ಹೊಸ ಟೈರ್ ಹಾಕಿಸಿದೆ. ಬೆಳಗ್ಗೆ ಎಕ್ಸ್‌ಪ್ರೆಸ್‌ವೇ ಹತ್ತಿ, ಪನ್ವೆಲ್ ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಸ್ಟೀರಿಂಗ್ ನಡುಗಲು ಶುರುವಾಯಿತು. ಆಮೇಲೆ ಟಕ್, ಟಕ್. ಹೊಸ ಟೈರ್ ಅಲ್ವಾ, ಕೂತುಕೊಳ್ಳುತ್ತದೆ ಅಂತ ಇನ್ನೂ ಒಂದು ಕಿಲೋಮೀಟರ್ ಓಡಿಸಿದೆ. ಆ ಒಂದು ಕಿಲೋಮೀಟರ್ ನೆನೆಸಿಕೊಂಡರೆ ಈಗಲೂ ಅಂಗೈ ಬೆವರುತ್ತದೆ. ಪಕ್ಕಕ್ಕೆ ನಿಲ್ಲಿಸಿ ಇಳಿದೆ. ಎಡಗಡೆ ಮುಂದಿನ ಚಕ್ರ. ನಾಲ್ಕು ನಟ್ಟಿನಲ್ಲಿ ಒಂದು ಇರಲೇ ಇಲ್ಲ. ಎರಡು ಬೆರಳಲ್ಲೇ ತಿರುಗಿದವು. ಕಾರು ನಿಂತಿದ್ದು ಉಳಿದ ಒಂದರ ಪುಣ್ಯದಲ್ಲಿ. ಹನ್ನೊಂದು ವರ್ಷದ ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು: "ಪಪ್ಪಾ, ನೀವು ಬೇರೆಯವರ ಕಾರು ಚೆಕ್ ಮಾಡೋರಲ್ವಾ?"

ಮುಂದಿನ ಭಾನುವಾರ ಹೋಟೆಲಿನಲ್ಲಿ ಕೂತು ಗ್ಯಾರೇಜಿನವನಿಗೆ ಮನಸ್ಸಿಗೆ ಬಂದದ್ದೆಲ್ಲ ಬೈದೆ. ಹುಬ್ಬಳ್ಳಿಯವರು ಸುಮ್ಮನೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಆ ಹುಡುಗ ನಟ್ ಬಿಗಿ ಮಾಡಾಕತ್ತಾಗ ಯಾರರ ಅವನ್ನ ಕರದ್ರೇನ್ರೀ?"

ಕರೆದಿದ್ದರು. ನಾನೇ ಕರೆದಿದ್ದೆ. ಹಳೇ ಟೈರುಗಳನ್ನು ಡಿಕ್ಕಿಗೆ ಹಾಕು ಅಂತ. ಅವನು ಸ್ಪಾನರ್ ಕೆಳಗಿಟ್ಟು ಎದ್ದು ಬಂದ. ವಾಪಸ್ ಹೋದವನು ಹಿಂದಿನ ಚಕ್ರಕ್ಕೆ ಕೂತ.

ವಿಮಾನದ ರಿಪೇರಿಯಲ್ಲಿ ಹೀಗೆ ಮಧ್ಯೆ ಎದ್ದರೆ, ವಾಪಸ್ ಬಂದವನು ಬಿಟ್ಟಲ್ಲಿಂದ ಶುರು ಮಾಡಬಾರದಂತೆ. ಮೂರು ಹೆಜ್ಜೆ ಹಿಂದೆ ಹೋಗಿ ಅಲ್ಲಿಂದ ಮತ್ತೆ ಮಾಡಬೇಕು. ಹಾರಾಟದ ಕಂಟ್ರೋಲ್ ಮುಟ್ಟಿದ ಕೆಲಸವಾದರೆ, ಬಿಗಿ ಮಾಡಿದವನು ಒಬ್ಬ, ನೋಡಿದವನು ಇನ್ನೊಬ್ಬ, ಸಹಿ ಇಬ್ಬರದ್ದೂ. ಗೋಡೆಯ ಹಲಗೆಯ ಮೇಲೆ ಒಂದೊಂದು ಸ್ಪಾನರಿನ ಆಕಾರ ಬಿಡಿಸಿರುತ್ತದೆ. ಒಂದು ಜಾಗ ಖಾಲಿ ಕಂಡರೆ ಆ ಸ್ಪಾನರ್ ಸಿಗುವ ತನಕ ವಿಮಾನ ಬಿಡುವುದಿಲ್ಲ. "ಮನಷ್ಯಾ ಮರೀತಾನ್ರೀ. ಬೈದ್ರೂ ಮರೀತಾನ. ಅದಕ್ಕ ಹಲಗಿ ಮ್ಯಾಲೆ ಚಿತ್ರ ಬರದೇವಿ" ಅಂದರು. ಅಷ್ಟು ಹೊತ್ತು ಬೈದಿದ್ದಕ್ಕೆ ನನಗೇ ನಾಚಿಕೆಯಾಯಿತು.

ಶಿವಮೊಗ್ಗದ ಹುಡುಗಿಯ ಕಷ್ಟ ಬೇರೆ ಥರದ್ದು. ಕಾರು ಓಡಿಸಿ ಅಭ್ಯಾಸವಾದವರಿಗೆ ವಿಮಾನವನ್ನು ನೆಲದ ಮೇಲೆ ತಿರುಗಿಸಲು ಬರುವುದಿಲ್ಲ. ಕೈ ಸ್ಟೀರಿಂಗ್ ತಿರುಗಿಸುತ್ತದೆ, ವಿಮಾನ ನೆಟ್ಟಗೆ ಹೋಗುತ್ತಲೇ ಇರುತ್ತದೆ. ಅಲ್ಲಿ ತಿರುಗಿಸುವುದು ಕಾಲಿನಲ್ಲಿ, ಬ್ರೇಕ್ ಇರುವುದು ಅದೇ ಪೆಡಲಿನ ತುದಿಯಲ್ಲಿ. ಎರಡು ತಿಂಗಳು ಕಷ್ಟಪಟ್ಟು ಕಲಿತು ರಜೆಗೆ ಬಂದವಳು ಚಿಕ್ಕಪ್ಪನ ಕಾರಿನಲ್ಲಿ ದಾದರಿನ ತಿರುವಿಗೆ ಎಡಗಾಲು ಒತ್ತಿದಳು. ಕ್ಲಚ್ ಕೂತಿತು, ಕಾರು ತಿರುಗಲಿಲ್ಲ. ಹೂವಿನ ಗಾಡಿಯವನು ಮರಾಠಿಯಲ್ಲಿ ಏನು ಹೇಳಿದ ಅಂತ ಅವಳು ಇನ್ನೂ ನಮಗೆ ಹೇಳಿಲ್ಲ.

ಕ್ಯಾಪ್ಟನ್ ಪದ್ಮಿನಿಯ ಸುತ್ತ ಬರುವುದನ್ನು ನೀವೊಮ್ಮೆ ನೋಡಬೇಕು. ಡ್ರೈವರ್ ಬಾಗಿಲಿನಿಂದ ಶುರು, ಯಾವಾಗಲೂ ಒಂದೇ ದಿಕ್ಕು. ನಾಲ್ಕೂ ಟೈರ್ ಮುಟ್ಟುತ್ತಾರೆ, ನಟ್ಟಿನ ಮೇಲೆ ಹೆಬ್ಬೆರಳು ಒತ್ತುತ್ತಾರೆ, ಬಗ್ಗಿ ಕೆಳಗೆ ಎಣ್ಣೆ ಸುರಿದಿದೆಯಾ ನೋಡುತ್ತಾರೆ. ಅವರ ಮನೆಯವರು ಇದಕ್ಕೆ ಪ್ರದಕ್ಷಿಣೆ ಅಂತ ಹೆಸರಿಟ್ಟಿದ್ದಾರೆ. "ದೇವಸ್ಥಾನದಲ್ಲಿ ಒಂದು ಸುತ್ತಿಗೆ ಮಂಡಿ ನೋವು ಅಂತಾರೆ, ಇದಕ್ಕೆ ನೋವಿಲ್ಲ" ಅಂತ ದೂರು. ಎಕ್ಸ್‌ಪ್ರೆಸ್‌ವೇಯಲ್ಲಿ ಅವರು ಎಪ್ಪತ್ತು ದಾಟುವುದಿಲ್ಲ. ಹಿಂದಿನ ಲಾರಿಯವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಾರೆ. ವಿಮಾನ ಓಡಿಸಿದ ಹಾಗೆ ಓಡಿಸುವುದು ಅಂದರೆ ಇದು.

ನಾನೂ ಈಗ ಸುತ್ತು ಬರುತ್ತೇನೆ. ಕಳೆದ ಭಾನುವಾರ ಮಾಟುಂಗಾದಿಂದ ಕ್ಯಾಪ್ಟನ್ನರನ್ನು ನನ್ನ ಕಾರಿನಲ್ಲಿ ಮನೆಗೆ ಬಿಡಬೇಕಿತ್ತು. ಕಣ್ಣಿನ ಪೊರೆಯ ಆಪರೇಷನ್ ಆಗಿ ಅವರಿಗೆ ಇನ್ನೂ ಡ್ರೈವಿಂಗ್ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಫುಟ್‌ಪಾತಿನ ಮೇಲೆ ನಿಂತಿದ್ದರು. ನಾನು ಗಂಭೀರವಾಗಿ ಒಂದು ಸುತ್ತು ಬಂದು, ಎಡಗಡೆ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ನಾಲ್ಕೂ ನಟ್ ಒತ್ತಿ ನೋಡಿ, ಎದ್ದು ಬಾಗಿಲು ತೆಗೆದೆ. ಅವರು ಹತ್ತಲಿಲ್ಲ.

"ಹ್ವಾಯ್, ಅವತ್ತು ಸಡಿಲ ಆದದ್ದು ಅದು ಅಂತ ಅದನ್ನೊಂದೇ ಮುಟ್ಟುದಾ? ಉಳಿದ ಮೂರು ಎಂತ ಪಾಪ ಮಾಡಿದ್ವು ಮಾರಾಯ?"

ಕೀ ಜೇಬಿಗೆ ಹಾಕಿ ಮತ್ತೆ ಬಗ್ಗಿದೆ.