ಕುಂಬಾರನ ಮಡಕೆ, ನಮ್ಮ ಕಾಫಿ ಕಣ

ಎರಡು ವರ್ಷಗಳ ಹಿಂದೆ ಜನವರಿಯಲ್ಲಿ ಅಕಾಲದ ಮಳೆ ಸುರಿದು, ಸಕಲೇಶಪುರದ ಬಳಿಯ ನಮ್ಮ ತೋಟದ ಕಣದಲ್ಲಿ ಒಣಗಲು ಹರಡಿದ್ದ ರೊಬಸ್ಟ ಹಣ್ಣು ರಾತ್ರಿಯಿಡೀ ನೆನೆಯಿತು. ಟಾರ್ಪಾಲು ಹೊದಿಸಬೇಕಾಗಿದ್ದವನು ಆ ರಾತ್ರಿ ಕಣದಲ್ಲಿರಲಿಲ್ಲ. ಬೆಳಿಗ್ಗೆ ನಾನು ಬಾಯಿಗೆ ಬಂದಂತೆ ಬೈದಾಗ ಆತ ತಲೆ ತಗ್ಗಿಸಿ, "ಹಣೇಬರ, ಗೌಡ್ರೇ" ಎಂದಷ್ಟೇ ಹೇಳಿದ. ಆ ಮಾತಿನಿಂದ ನನ್ನ ಸಿಟ್ಟು ಇನ್ನಷ್ಟು ಏರಿತು. ಮಗಳಿಗೆ ಜ್ವರ ನೆತ್ತಿಗೇರಿ ಆತ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದನೆಂದು ಮಧ್ಯಾಹ್ನ ತೋಟದ ಆಳುಗಳ ಲೈನ್‌ಮನೆಯವರಿಂದ ತಿಳಿದಾಗ ಮಾತ್ರ ಅದೇ ಸಿಟ್ಟು ನಿಂತಲ್ಲೇ ಇಳಿದುಹೋಯಿತು. ಹಣೆಬರಹವೂ ಒಂದು ಕಾರಣ, ಜ್ವರವೂ ಒಂದು ಕಾರಣ. ಒಂದಕ್ಕೆ ಜಗ್ಗದ ಮನಸ್ಸು ಇನ್ನೊಂದಕ್ಕೆ ಏಕೆ ಕರಗಿತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಡೆಯುವುದೆಲ್ಲ ಮೊದಲೇ ನಿಶ್ಚಿತ ಎಂಬ ವಾದವನ್ನು ಚರ್ಚಿಸುವಾಗ ಎಲ್ಲರೂ 1814ರಲ್ಲಿ ಅದನ್ನು ಮುಂದಿಟ್ಟ ಫ್ರೆಂಚ್ ಗಣಿತಜ್ಞ ಲಾಪ್ಲಾಸನನ್ನು ನೆನೆಯುತ್ತಾರೆ. ಅವನಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದೆ ಬುದ್ಧ, ಮಹಾವೀರರ ಕಾಲದ ಆಜೀವಿಕ ಪಂಥದ ಗುರು ಮಕ್ಖಲಿ ಗೋಸಾಲ ಇದನ್ನು ಇನ್ನೂ ಕಠೋರವಾಗಿ ಹೇಳಿದ್ದ. ಎಸೆದ ದಾರದುಂಡೆ ದಾರ ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತ ಹೋಗುವಂತೆ ಪ್ರತಿ ಜೀವವೂ ತನ್ನ ಪಾಲಿನ ಅಲೆದಾಟವನ್ನು ಮುಗಿಸಿಯೇ ದುಃಖದಿಂದ ಪಾರಾಗಬೇಕು, ನಡುವೆ ಯಾವ ಪ್ರಯತ್ನವೂ ನಡೆಯದು ಎಂದು ಬೌದ್ಧರ ಸಾಮಞ್ಞಫಲ ಸುತ್ತ ಅವನ ಮತವನ್ನು ವಿವರಿಸುತ್ತದೆ.

ಶ್ರವಣಬೆಳಗೊಳದ ಬೆಟ್ಟ ಹತ್ತುವಾಗಲೆಲ್ಲ ನನಗೆ ಗೋಸಾಲನ ಶಿಷ್ಯನೊಬ್ಬನ ಕಥೆ ನೆನಪಾಗುತ್ತದೆ. ಅದು ಇರುವುದು ಉವಾಸಗದಸಾಓ ಎಂಬ ಶ್ವೇತಾಂಬರ ಜೈನರ ಆಗಮ ಗ್ರಂಥದಲ್ಲಿ, ಬೆಳಗೊಳವೋ ದಿಗಂಬರರ ಕ್ಷೇತ್ರ. ನೆನಪು ಬೇಲಿ ನೋಡಿ ಬರುವುದಿಲ್ಲ. ಸದ್ದಾಲಪುತ್ತನೆಂಬ ಕುಂಬಾರ ಮಡಕೆಗಳನ್ನು ಬಿಸಿಲಿಗಿಟ್ಟಿದ್ದಾನೆ. ಇವು ಪ್ರಯತ್ನದಿಂದ ಆದವೇ ಎಂದು ಮಹಾವೀರ ಕೇಳಿದರೆ, ಇಲ್ಲ, ಎಲ್ಲವೂ ನಿಯತ ಎನ್ನುತ್ತಾನೆ. ಹಾಗಾದರೆ ಯಾರಾದರೂ ಬಂದು ಇವನ್ನು ಒಡೆದರೆ ಏನು ಮಾಡುತ್ತೀಯೆ ಎಂಬುದು ಮುಂದಿನ ಪ್ರಶ್ನೆ. ಹಿಡಿದು ಬಡಿಯುತ್ತೇನೆ ಎನ್ನುತ್ತಾನೆ ಕುಂಬಾರ. ಅಲ್ಲಿಗೆ ಅವನ ವಾದ ಅವನ ಕೈಯಲ್ಲೇ ಒಡೆಯಿತು.

ನಿಜ ಹೇಳಬೇಕೆಂದರೆ ಇದರಿಂದ ನಿಯತಿವಾದ ಸುಳ್ಳಾಗುವುದಿಲ್ಲ. ಕುಂಬಾರನ ಸಿಟ್ಟೂ ನಿಯತವಾಗಿರಬಹುದಲ್ಲ. ಆದರೆ ಹೊಣೆಯೆಂಬುದು ಎಲ್ಲಿ ಬೇರು ಬಿಟ್ಟಿದೆ ಎಂಬುದನ್ನು ಈ ಕಥೆ ತೋರಿಸುತ್ತದೆ. 1962ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಪೀಟರ್ ಸ್ಟ್ರಾಸನ್ ಹಿಡಿದದ್ದೂ ಇದೇ ಎಳೆಯನ್ನು. ಆನೆ ಗದ್ದೆ ತುಳಿದರೆ ನಾವು ಕೂಗಿ, ಪಟಾಕಿ ಹೊಡೆದು ಓಡಿಸುತ್ತೇವೆ, ಆದರೆ ಅದು ಬಂದು ತಪ್ಪಾಯಿತೆನ್ನಲಿ ಎಂದು ಕಾಯುವುದಿಲ್ಲ. ಪಕ್ಕದವನು ಉಣುಗೋಲು ಸರಿಸಿಟ್ಟು ದನ ನುಗ್ಗಿಸಿದರೆ ವರ್ಷಗಟ್ಟಲೆ ಮಾತು ಬಿಡುತ್ತೇವೆ. ಆನೆಗೂ ಪಕ್ಕದವನಿಗೂ ಕಾರಣಗಳಿವೆ. ನಾವು ತೂಗುವುದು ಕಾರಣ ಇದೆಯೋ ಇಲ್ಲವೋ ಎಂಬುದನ್ನಲ್ಲ, ನಮ್ಮ ಬಗೆಗಿನ ಕೇಡೋ ಅಸಡ್ಡೆಯೋ ಅದರಲ್ಲಿ ಇತ್ತೇ ಎಂಬುದನ್ನು. ಜ್ವರದ ಸುದ್ದಿ ನನಗೆ ತಿಳಿಸಿದ್ದು ಅಸಡ್ಡೆ ಇರಲಿಲ್ಲ ಎಂಬುದನ್ನು. ಹಣೆಬರಹ ಅದರ ಬಗ್ಗೆ ಏನನ್ನೂ ಹೇಳಿರಲಿಲ್ಲ.

ನಮ್ಮ ಆಯ್ಕೆ ನಮ್ಮದೇ ಅಲ್ಲ ಎನ್ನಲು ಮಿದುಳಿನ ಪ್ರಯೋಗಗಳನ್ನು ಮುಂದಿಡುವವರಿಗೆ ಒಂದೇ ಮಾತು. ಅಮೆರಿಕದ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದಂತೆ, ಕೈ ಅಲುಗಿಸಬೇಕೆಂಬ ಇಚ್ಛೆಯ ಅರಿವು ಮೂಡುವುದಕ್ಕೂ ಸುಮಾರು ಮೂರನೇ ಒಂದು ಸೆಕೆಂಡು ಮೊದಲೇ ಮಿದುಳಿನಲ್ಲಿ ಅದರ ಸಿದ್ಧತೆ ಕಾಣಿಸುತ್ತದೆ. ಇರಲಿ. ಮನಸ್ಸು ಬಂದಾಗ ಸುಮ್ಮನೆ ಮಣಿಕಟ್ಟು ಅಲುಗಿಸಿದ್ದಕ್ಕೆ ಯಾರೂ ಯಾರನ್ನೂ ಹೊಣೆ ಮಾಡುವುದಿಲ್ಲ.

ನನ್ನನ್ನು ನಿಜಕ್ಕೂ ಕಾಡುವ ವಾದ ಸ್ಟ್ರಾಸನ್ನರ ಮಗ ಗೇಲನ್ ಸ್ಟ್ರಾಸನ್ ಅವರದು. ನಾನು ಹೀಗೆ ಮಾಡುವುದು ನಾನು ಹೀಗಿರುವುದರಿಂದ. ಹೀಗಿರುವುದಕ್ಕೆ ನಾನೇ ಹೊಣೆಯಾಗಬೇಕಾದರೆ ನನ್ನನ್ನು ನಾನೇ ರೂಪಿಸಿಕೊಂಡಿರಬೇಕು, ಅದು ಯಾರಿಂದಲೂ ಆಗದು. ಆ ರಾತ್ರಿ ಆತ ಕುಡಿದು ಮಲಗಿದ್ದನೆಂದು ಭಾವಿಸೋಣ. ನನ್ನ ಸಿಟ್ಟು ಉಳಿಯುತ್ತಿತ್ತು. ಆದರೆ ಹನ್ನೆರಡನೇ ವಯಸ್ಸಿಗೇ, ಇದೇ ಲೈನ್‌ಮನೆಯಲ್ಲಿ, ತಂದೆಯ ಪಕ್ಕದಲ್ಲಿ ಕುಳಿತು ಆತ ಕುಡಿತ ಕಲಿತಿದ್ದರೆ? ಆ ಲೈನ್‌ಮನೆ ಕಟ್ಟಿಸಿದ್ದು ನನ್ನ ಅಜ್ಜ. ಆತನಿಗೆ ಆ ಮನೆ ಬಂದಂತೆಯೇ ನನಗೆ ತೋಟ ಬಂದಿದೆ, ಇಬ್ಬರೂ ಬೆವರು ಸುರಿಸಿ ಗಳಿಸಿದ್ದಲ್ಲ. ಇದನ್ನು ಯೋಚಿಸಿದ ಮೇಲೆ, ತಪ್ಪು ಮಾಡಿದವನು ನರಳಲೇಬೇಕು ಎನ್ನುವ ಹಕ್ಕು ನನಗಿದೆಯೆಂದು ನಾನು ನಂಬುವುದಿಲ್ಲ. ಏಕೆ ಹೀಗೆ ಮಾಡಿದೆ ಎಂದು ಕೇಳುವ ಹಕ್ಕನ್ನು ಮಾತ್ರ ಬಿಟ್ಟುಕೊಡಲಾರೆ. ಕೇಳುವುದನ್ನು ಬಿಟ್ಟರೆ ಅವನನ್ನು ಆನೆಯ ಸಾಲಿಗೆ ಸೇರಿಸಿದಂತೆ. ಅದು ಬೈಗುಳಕ್ಕಿಂತ ದೊಡ್ಡ ಅವಮಾನ.

ಆ ರಾತ್ರಿ ನಾನು ಹಾಸನದಲ್ಲಿ ನೆಂಟರ ಮದುವೆಯ ಮನೆಯಲ್ಲಿದ್ದೆ. ಗುಡುಗು ಕೇಳಿಸಿತ್ತು, ಫೋನು ಜೇಬಿನಲ್ಲೇ ಇತ್ತು, ಇಸ್ಪೀಟಿನ ಆಟ ಬಿಟ್ಟು ಏಳಲಿಲ್ಲ. ಸಂಜೆ ಲೈನ್‌ಮನೆಗೆ ಹೋಗಿ, ಬೈದದ್ದು ತಪ್ಪಾಯಿತೆಂದೂ, ಒಂದು ಫೋನು ಮಾಡದಿದ್ದುದು ನನ್ನ ತಪ್ಪೆಂದೂ ಹೇಳಿದೆ. ಆತ ಮತ್ತೆ, "ಹಣೇಬರ ಬಿಡಿ, ಗೌಡ್ರೇ" ಎಂದ. ಈ ಸಲ ಅದು ನನ್ನನ್ನು ಪಾರು ಮಾಡಲೆಂದೇ ಆಡಿದ ಮಾತೆಂದು ಗೊತ್ತಿತ್ತು. ನಾನು ಒಪ್ಪಲಿಲ್ಲ.