ಟಚ್ ಬೋರ್ಡ್: ಮಕ್ಕಳು ಮುಟ್ಟಬಾರದು

ಮದ್ದೂರು ಕಡೆಯ ಒಂದು ಸರ್ಕಾರಿ ಶಾಲೆಗೆ 75 ಇಂಚಿನ ಟಚ್ ಬೋರ್ಡ್ ಬಂದಿದೆ. ಬೆರಳಿಟ್ಟರೆ ಗೆರೆ ಮೂಡುತ್ತದೆ, ಎರಡು ಬೆರಳಲ್ಲಿ ಹಿಗ್ಗಿಸಿದರೆ ಭೂಪಟ ದೊಡ್ಡದಾಗುತ್ತದೆ. ಮಕ್ಕಳು ಮುಟ್ಟಿ, ಎಳೆದಾಡಿ ಕಲಿಯಲಿ ಅಂತಲೇ ಇದನ್ನು ಕೊಟ್ಟಿರುವುದು. ಆದ್ದರಿಂದ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿದ್ದಾರೆ: ‘ಮಕ್ಕಳು ಮುಟ್ಟಬಾರದು.’

ಹೆಡ್‌ಮಾಸ್ಟರನ್ನು ಅಂದು ಏನು ಬಂತು? ಸ್ಟಾಕ್ ರಿಜಿಸ್ಟರಿನಲ್ಲಿ ಸಹಿ ಅವರದು. ರಿಟೈರ್‌ಮೆಂಟ್ ಬೇರೆ ಹತ್ತಿರ. ಗಾಜು ಒಡೆದರೆ ಪೆನ್ಷನ್ನಿಗೇ ಕುತ್ತು ಅಲ್ವಾ?

ಉದ್ಘಾಟನೆ ದಿನ ಶಾಸಕರು ಮುಟ್ಟಿದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಮುಟ್ಟಿದರು. ಅಧ್ಯಕ್ಷರ ಭಾಮೈದ ಎರಡು ಸಲ ಮುಟ್ಟಿದ. ಮಕ್ಕಳು ಚಪ್ಪಾಳೆ ತಟ್ಟಿದರು. ವರದಿಯಲ್ಲಿ ‘ಮಕ್ಕಳ ಸಕ್ರಿಯ ಭಾಗವಹಿಸುವಿಕೆ’ ಅಂತ ಬರೆದದ್ದು ಈ ಚಪ್ಪಾಳೆಯನ್ನೇ ಇರಬೇಕು.

ಆಯುಧಪೂಜೆಗೆ ಬೋರ್ಡಿನ ಅಂಚಿಗೆ ದಪ್ಪಗೆ ಅರಿಶಿನ ಕುಂಕುಮ ಮೆತ್ತಿದರು. ಅಲ್ಲಿಂದ ಶುರುವಾಯಿತು. ಈ ಬೋರ್ಡಿನ ಚೌಕಟ್ಟಿನಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳು ಗಾಜಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹಾಯುತ್ತಿರುತ್ತವೆ. ಅಡ್ಡ ಬಂದದ್ದೆಲ್ಲ ಅದರ ಲೆಕ್ಕದಲ್ಲಿ ಬೆರಳೇ. ಕುಂಕುಮವೂ ಬೆರಳು, ಹಲ್ಲಿಯೂ ಬೆರಳು. ಮೊನ್ನೆ ಗಣಿತದ ಪಾಠದ ಮಧ್ಯೆ ಟ್ಯೂಬ್‌ಲೈಟಿನ ಹಿಂದಿನಿಂದ ಇಳಿದ ಹಲ್ಲಿ ತ್ರಿಕೋನಕ್ಕೆ ನಾಲ್ಕನೇ ಗೆರೆ ಎಳೆಯಿತು.

‘ಸಾ, ಅದುಕ್ಕೆ ಬೈಯಲ್ವಾ?’ ಅಂದ ಹಿಂದಿನ ಬೆಂಚಿನ ಹುಡುಗ.

ಕರೆಂಟಿನ ಕಥೆ ಬೇಡ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆ ನಮ್ಮದು. ಕಳಿಸುವುದರಲ್ಲಿ ಯಾವತ್ತೂ ಧಾರಾಳ.

ಕರೆಂಟ್ ಇದ್ದ ದಿನ ‘ಬೆಲ್ಲ ತಯಾರಿಸುವ ಬಗೆ’ ವಿಡಿಯೊ ಹಾಕಿದರು. ಬೋರ್ಡಿಗೆ ಬಿಸಿಲು ಹೊಡೆಯುತ್ತದೆ ಅಂತ ಕಿಟಕಿ ಮುಚ್ಚಿದರು. ಕಿಟಕಿಯಾಚೆ, ಕಾಂಪೌಂಡಿಗೆ ಅಂಟಿಕೊಂಡೇ ಆಲೆಮನೆ. ಕಬ್ಬಿನ ಹಾಲು ಕುದಿಯುವ ವಾಸನೆ ಕ್ಲಾಸೆಲ್ಲ ತುಂಬಿತ್ತು. ವಿಡಿಯೊ ಮಾತ್ರ ಕೊಪ್ಪರಿಗೆ ಹತ್ತಿರ ಬಂದು ಗಿರಗಿರ ತಿರುಗುತ್ತಾ ನಿಂತಿತು.

‘ಸಾ, ನಮ್ಮಪ್ಪ ಅಲ್ಲೇ ಪಾಕ ತಿರುಗುಸ್ತಾವ್ನೆ. ಹೋಗಿ ನೋಡಾನ?’

‘ಸುಮ್ನೆ ಕೂತ್ಕೊಳೋ. ನೆಟ್ ಬರಲಿ.’

ಬೇಸಿಗೆ ರಜೆಯಲ್ಲಿ ಕಳ್ಳರ ಭಯ ಅಂತ ಬೋರ್ಡು ಅಧ್ಯಕ್ಷರ ಮನೆಗೆ ಹೋಯಿತು. ಅಲ್ಲಿ ಯುಪಿಎಸ್ ಇದೆ, ವೈಫೈ ಇದೆ. ಐಪಿಎಲ್ ಮುಗಿಯುವ ತನಕ ಒಂದು ದಿನವೂ ಕೆಡಲಿಲ್ಲ. ಊರಿನ ಅರ್ಧ ಗಂಡಸರು ಜಗಲಿ ಮೇಲೆ ಕೂತು ಸಕ್ರಿಯವಾಗಿ ಭಾಗವಹಿಸಿದರು.