‘ಫ್ರಮ್’ ಮತ್ತು ತುಂಡಾದ ಚೈನು

ಸ್ವೀಡನ್ನಿನ ಉಪ್ಸಾಲಾಕ್ಕೆ ಬಂದ ಮೊದಲ ಡಿಸೆಂಬರಿನಲ್ಲೇ ನನ್ನ ಸೈಕಲ್ಲಿನ ಚೈನು ತುಂಡಾಯಿತು. ರಿಪೇರಿ ಅಂಗಡಿಯ ಬಾಗಿಲಿನಲ್ಲಿ ‘ಫ್ರಮ್ ತಿಲ್ 15’ ಎಂದು ಬರೆದಿದ್ದರು. 15 ಎಂದರೆ ಮಧ್ಯಾಹ್ನದ 3 ಗಂಟೆ. ಸ್ವೀಡಿಷ್ ಹೇಗಿದ್ದರೂ ಇಂಗ್ಲಿಷಿನ ದಾಯಾದಿ, ಇದು ನಮಗೆ ಗೊತ್ತಿರುವ ‘ಫ್ರಮ್’ ಅಲ್ಲದೆ ಮತ್ತೇನು, ನಡುವಿನ ‘ತಿಲ್’ ಬರಿಯ ಒಗ್ಗರಣೆ ಎಂದು ತೀರ್ಮಾನಿಸಿ, ಮರುದಿನ 3 ಗಂಟೆ ದಾಟಿ 5 ನಿಮಿಷಕ್ಕೆ ಸೈಕಲ್ಲನ್ನು ತಳ್ಳಿಕೊಂಡು ಹೋದೆ. ಆ ಊರಿನಲ್ಲಿ ಡಿಸೆಂಬರಿನ ಸೂರ್ಯ 3 ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಅಂಗಡಿಯವರೂ ಅವನ ಹಿಂದೆಯೇ ಹೊರಟುಹೋಗಿದ್ದರು. ಮೂರು ದಿನ ಹೀಗೆಯೇ ಅಲೆದು, ಈ ಜನಕ್ಕೆ ಹೊತ್ತುಗೊತ್ತಿಲ್ಲ ಎಂದು ಗೊಣಗಿದೆ.

ನೆರೆಮನೆಯ ಅಜ್ಜಿ ನಕ್ಕು ವಿವರಿಸಿದರು. ‘ಇಂದ’ ಎನ್ನಲು ಅವರಲ್ಲಿ ಇರುವ ಪದ ‘ಫ್ರೋನ್’. ‘ಫ್ರಮ್’ ಎಂದರೆ ಮುಂದಕ್ಕೆ, ಗುರಿಯ ಕಡೆಗೆ. ‘ಫ್ರಮ್ ತಿಲ್ 15’ ಎಂದರೆ 3 ಗಂಟೆಯ ತನಕ. ಇಂಗ್ಲಿಷಿನ ‘ಫ್ರಮ್’ ಕೂಡ ಇದೇ ಬೇರಿನಿಂದ ಹುಟ್ಟಿದ್ದಂತೆ. ಪಾಲಾದ ಮೇಲೆ ಬೆನ್ನು ತಿರುಗಿಸಿ ಕುಳಿತ ಅಣ್ಣತಮ್ಮಂದಿರ ಹಾಗೆ ಒಬ್ಬ ಬಂದ ದಾರಿಯನ್ನು ತೋರಿಸಿದರೆ ಇನ್ನೊಬ್ಬ ಹೋಗುವ ದಾರಿಯನ್ನು ತೋರಿಸುತ್ತಾನೆ. ನಾರ್ವೆಯ ಧ್ರುವಪ್ರದೇಶದ ಅನ್ವೇಷಕ ನಾನ್ಸೆನ್ನನ ಹಡಗಿಗೂ ಇದೇ ಹೆಸರು. ‘ಮುಂದಕ್ಕೆ’ ಎಂಬ ಆ ಹಡಗನ್ನು ಅವನು 1893ರಲ್ಲಿ ಬೇಕೆಂದೇ ಉತ್ತರದ ಮಂಜುಗಡ್ಡೆಗೆ ಸಿಲುಕಿಸಿ ಸುಮಾರು 3 ವರ್ಷ ತೇಲಲು ಬಿಟ್ಟಿದ್ದ. ನನ್ನದು ಮೂರೇ ದಿನ.

ಅರ್ಥ ತಿಳಿದ ಮೇಲೂ ಸುಖವಿರಲಿಲ್ಲ. ಒಂದು ಸಂಜೆ ಅಜ್ಜಿ, ಫ್ರಿಜ್ಜಿನಿಂದ ಚೀಸನ್ನು ‘ಫ್ರಮ್’ ತೆಗೆ ಎಂದರು. ನಾನು ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿದ್ದ ಚೀಸನ್ನು ಶ್ರದ್ಧೆಯಿಂದ ಮುಂದಕ್ಕೆ ಸರಿಸಿ ಬಾಗಿಲು ಮುಚ್ಚಿದೆ. ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಹೊರಗೆ ತಂದಿಡುವುದೂ ಅವರಿಗೆ ‘ಫ್ರಮ್’. ಫೋನಿನ ಕರೆ ಸಿಗದಿದ್ದರೆ ‘ಫ್ರಮ್ ಬರಲಿಲ್ಲ’ ಎನ್ನುತ್ತಾರೆ. ಹಾಗೆಂದ ಗೆಳೆಯನೊಬ್ಬ ದಾರಿ ತಪ್ಪಿದ್ದಾನೆಂದು ನಾನು ಬೀದಿಗಿಳಿದು ಕಾದದ್ದೂ ಉಂಟು.

ವ್ಯಾಕರಣದ ಮಟ್ಟಿಗೆ ನಾವು ಕನ್ನಡಿಗರು ಪುಣ್ಯವಂತರು. ಸ್ವೀಡಿಷಿನಲ್ಲಿ ‘ಇಲ್ಲಿಗೆ’ಗೆ ‘ಹೀತ್’, ‘ಇಲ್ಲಿ’ಗೆ ‘ಹ್ಯಾರ್’. ‘ಮನೆಗೆ’ ಎಂದರೆ ‘ಹೆಮ್’, ‘ಮನೆಯಲ್ಲಿ’ ಎಂದರೆ ‘ಹೆಮ್ಮಾ’. ಹೋಗುವುದಕ್ಕೊಂದು, ಇರುವುದಕ್ಕೊಂದು ರೂಪ ಎಂಬುದು ನಮಗೆ ಹೊಸತಲ್ಲ. ಅದರಂತೆ ‘ಫ್ರಮ್’ಗೂ ‘ಫ್ರಮ್ಮೆ’ ಎಂಬ ಜೊತೆಯಿದೆ. ನಾನದನ್ನು ‘ಮುಂಭಾಗದಲ್ಲಿ’ ಎಂದು ಬರೆದುಕೊಂಡೆ, ಅದೂ ಪೂರ್ತಿ ತಪ್ಪಲ್ಲ. ಆದರೆ ಒಂದು ರಾತ್ರಿ ಬಸ್ಸಿನ ಚಾಲಕ “ಈಗ ನಾವು ಫ್ರಮ್ಮೆ” ಎಂದಾಗ, ಬೆಂಗಳೂರಿನ ಕಂಡಕ್ಟರುಗಳ “ಮುಂದೆ ಹೋಗ್ರೀ” ಕೇಳಿ ಬೆಳೆದ ನಾನು ಹಿಂದಿನ ಸೀಟಿನಿಂದ ಎದ್ದು ಮುಂದೆ ಹೋಗಿ ಕಂಬಿ ಹಿಡಿದು ನಿಂತೆ. ಊರು ತಲುಪಿತು ಎಂಬುದು ಅದರ ಅರ್ಥ. ಉಳಿದವರೆಲ್ಲ ಇಳಿದು ಹೋಗಿದ್ದರು. ಎಂಜಿನ್ ನಿಲ್ಲಿಸಿದ ಚಾಲಕ, ಇನ್ನೆಷ್ಟು ಮುಂದೆ ಬರುತ್ತೀಯ ಎಂಬಂತೆ ನನ್ನನ್ನೇ ನೋಡುತ್ತಿದ್ದ.